ಮಹಾನಂದಳ ಪ್ಲೇಟು

ಸಿದ್ದಬಸಪ್ಪನವರನ್ನು ಎರಡನೇ ಸಂಬಂಧವಾಗಿ ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದ ಮೊದಲ ಸೋಮವಾರವೇ ಕಲ್ಯಾಣಮ್ಮ ಸವತಿಯ ದನಿ ಕೇಳಿದಳು. ಸವತಿ ಮಹಾನಂದ ಸತ್ತು ಆಗ ಹನ್ನೊಂದು ತಿಂಗಳು.

ಅವೆನ್ಯೂ ರಸ್ತೆಯ ಕಾಗದದಂಗಡಿಯಿಂದ ಸಂಜೆ ಮನೆಗೆ ಬಂದ ಗಂಡ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಬೀರುವಿನಿಂದ ಒಂದು ಕರೀ ಪ್ಲೇಟು ತೆಗೆದರು. ಹೆಂಡತಿ ಹೋದ ಮೇಲೆ ಅದನ್ನು ಅವರು ಮುಟ್ಟಿರಲಿಲ್ಲವಂತೆ. ರೆಕಾರ್ಡ್ ಪ್ಲೇಯರಿನ ಮೇಲೆ ಇಟ್ಟು, "ಬಾ ಇಲ್ಲಿ, ಕೂತ್ಕೊಂಡು ಕೇಳು," ಅಂದರು.

ಹೆಚ್ಚೆಂದರೆ ಮೂರು ನಿಮಿಷದ ಹಾಡು. ಮಹಾನಂದ ತನ್ನ ತಾಯಿಯಿಂದ ಕಲಿತದ್ದು, ಬೇರೆ ಯಾರಿಗೂ ಬಾರದ್ದು. ಶಿವ ಬಾಗಿಲಿಗೆ ಬಂದು ಭಿಕ್ಷೆ ಕೇಳುವ ಹಾಡು. ಎದೆಯ ಕಾಯಿಲೆ ಬಲಿತಾಗ ಹಾಡಿದ್ದರಿಂದ ನಡುವೆ ಒಂದು ಕಡೆ ಉಸಿರು ಸಿಕ್ಕಿ ಸಣ್ಣಗೆ ಕೆಮ್ಮುತ್ತಾಳೆ, ಮತ್ತೆ ಎತ್ತಿಕೊಂಡು ಮುಗಿಸುತ್ತಾಳೆ.

"ಕೇಳಿದ್ಯಾ?" ಅಂದರು ಸಿದ್ದಬಸಪ್ಪ. "ಹೆಣ್ಣು ಅಂದ್ರೆ ಹಾಗಿರ್ಬೇಕು."

ಕಲ್ಯಾಣಮ್ಮನಿಗೆ ಇಪ್ಪತ್ತೆಂಟು. ಅಪ್ಪ ಇಲ್ಲ. ಗುಬ್ಬಿಯಲ್ಲಿದ್ದ ಅಣ್ಣ ಮರಿಯಣ್ಣ ತಂಗಿಯನ್ನು ಹೇಗಾದರೂ ದಾಟಿಸಿದರೆ ಸಾಕೆಂದು ಕಾಯುತ್ತಿದ್ದವನು. ಅವಳು ಕತ್ತು ಬಗ್ಗಿಸಿ, "ಹೂಂ," ಅಂದಳು.

ಅಂದಿನಿಂದ ಪ್ರತಿ ಸೋಮವಾರ ಆ ಹಾಡು. ಮಿಕ್ಕ ದಿನ ಸಾರಿಗೆ ಉಪ್ಪು ಹೆಚ್ಚಾದರೆ ಮಹಾನಂದ, ಪಂಚೆಯ ಮಡಿಕೆ ಸೊಟ್ಟಗಾದರೆ ಮಹಾನಂದ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಆ ಹಾಡು ತನಗೆ ತಾನೇ ಕಲ್ಯಾಣಮ್ಮನ ಬಾಯಿಗೆ ಬಂತು. ಎರಡು ಸಾಲು ಗುನುಗಿದ್ದಳೋ ಇಲ್ಲವೋ, ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಆ ಹಾಡಿಗೆ ನಿನ್ನ ಬಾಯಿ ತಾಗಿಸ್ಬೇಡ. ಎಂಜಲಾಗತ್ತೆ."

ಜೋರಾಗಿ ಕೂಡ ಹೇಳಲಿಲ್ಲ. ಹೇಳಿ ಅಂಗಡಿಗೆ ಹೋದರು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವಳು ಕೂತಲ್ಲಿಂದ ಏಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಪ್ಲೇಯರಿನ ಮುಳ್ಳು ಮುರಿಯಿತು. ಪ್ಲೇಟು ಕೊರೆದುಕೊಟ್ಟ ಶ್ರೀನಿವಾಸಯ್ಯನ ಹತ್ತಿರವೇ ಹೊಸ ಮುಳ್ಳು ತರಲು ಗಂಡ ಅವಳನ್ನು ಕಳಿಸಿದರು. ಬಸವನಗುಡಿಯಲ್ಲಿ ಒಂದು ಮಹಡಿಯ ಮೇಲೆ ಎರಡು ಕೋಣೆ. ಒಂದರ ಗೋಡೆಗೆಲ್ಲ ಸದ್ದು ಹೀರಲೆಂದು ಹಳೇ ರಜಾಯಿ ಹೊಡೆದಿದ್ದರು. ಅಲ್ಲಿ ಯಾರೋ ಮುದುಕರು ಮೈಕಿನ ಮುಂದೆ ಕೂತು ಮೊಮ್ಮಗನಿಗೆ ಆಶೀರ್ವಾದ ಹೇಳುತ್ತಿದ್ದರು. ಈಚೆ ಕೋಣೆಯಲ್ಲಿ ಕಪ್ಪು ತಟ್ಟೆ ತಿರುಗುತ್ತಿತ್ತು. ಮೇಲಿನಿಂದ ಇಳಿದ ಉಳಿಯಂಥ ಮೊನೆ ಅದನ್ನು ಉಳುತ್ತ ಹೋದಂತೆ ಕೂದಲಷ್ಟು ಸಣ್ಣ ಕರೀ ಎಳೆ ಎದ್ದು ಬರುತ್ತಿತ್ತು. ಶ್ರೀನಿವಾಸಯ್ಯ ಅದನ್ನು ಮೆತ್ತನೆಯ ಬ್ರಷ್ಷಿನಲ್ಲಿ ಬಳಿದು ಬಳಿದು ನೀರಿನ ಬಕೆಟ್ಟಿಗೆ ಹಾಕುತ್ತಿದ್ದರು. ಆ ಎಳೆಗೆ ಕಿಡಿ ತಾಗಿದರೆ ಭಗ್ಗೆನ್ನುತ್ತದಂತೆ.

ಕೆಲಸ ಮುಗಿಸಿ ಮುಳ್ಳು ಕೊಡುತ್ತ ಅವರು ಕೇಳಿದರು. "ಆ ಪ್ಲೇಟನ್ನ ಎಷ್ಟು ಸಲ ಹಾಕಿರಬಹುದು ತಾಯಿ?"

"ಸೋಮವಾರಕ್ಕೊಂದು ಸಲ."

"ಅಷ್ಟೇನಾ? ಸದ್ಯ. ಅದು ಕಾರ್ಖಾನೇಲಿ ಒತ್ತಿದ ಪ್ಲೇಟಲ್ಲ ನೋಡಿ. ಅಲ್ಯೂಮಿನಿಯಂ ತಗಡಿನ ಮೇಲೆ ಅರಗಿನಂಥದ್ದು ಬಳಿದಿರ್ತಾರೆ, ಮೆತ್ತಗಿರತ್ತೆ. ಮುಳ್ಳು ಓಡಿದಾಗೆಲ್ಲ ಒಂಚೂರು ಸವೀತಾ ಹೋಗತ್ತೆ. ಐವತ್ತು ಅರವತ್ತು ಸಲ ಆದ್ಮೇಲೆ ಬರೀ ಸುಯ್ ಅನ್ನತ್ತೆ, ಅಷ್ಟೇ. ಯಜಮಾನ್ರಿಗೆ ಆವತ್ತೇ ಹೇಳಿದ್ದೆ. ಪಾಪ, ಹೆಂಡತಿ ಮುಖಾನೇ ನೋಡ್ತಾ ಇದ್ರು, ಕಿವಿಗೆ ಹಾಕ್ಕೊಳ್ಳಲಿಲ್ಲ ಅನ್ಸತ್ತೆ. ಒಂದ್ಸಲ ಇಲ್ಲಿಗೆ ತರೋಕೆ ಹೇಳಿ. ಟೇಪಿಗೆ ಎತ್ತಿಕೊಡ್ತೀನಿ, ಉಳಿಯತ್ತೆ."

"ಹೇಳ್ತೀನಿ," ಅಂದಳು ಕಲ್ಯಾಣಮ್ಮ.

ಹೇಳಲಿಲ್ಲ. ಆ ಸಂಜೆ ಗಂಡನಿಗೆ ಕಾಫಿ ಕೊಟ್ಟು, ನೆಲ ನೋಡುತ್ತ, "ರೀ, ಅಕ್ಕನ ಹಾಡು ಹಾಕ್ತೀರಾ?" ಅಂದಳು.

ಅವತ್ತು ಸೋಮವಾರವಲ್ಲ. ಸಿದ್ದಬಸಪ್ಪ ಅವಳ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಹಾಕಿದರು. ಮುಗಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ," ಅಂದಳು.

ಮಾರನೇ ದಿನವೂ ಕೇಳಿದಳು, ಅದರ ಮಾರನೇ ದಿನವೂ. ದಿನಕ್ಕೆ ಎರಡು ಸಲ, ಕೆಲವು ದಿನ ಮೂರು. ಸಿದ್ದಬಸಪ್ಪ ಈಗ ಮನೆಗೆ ಬರುವಾಗ ಮೊಳ ಮಲ್ಲಿಗೆ ತರತೊಡಗಿದರು. ಸಾರಿನ ಉಪ್ಪಿನ ಮಾತು ನಿಂತಿತು. ಒಂದು ದಿನ ಅವಳ ಕೈ ಹಿಡಿದು, "ನಾನು ನಿನ್ನ ತಪ್ಪು ತಿಳ್ಕೊಂಡಿದ್ದೆ ಕಣೆ. ನೀನು ಒಳ್ಳೆಯವಳು," ಅಂದರು. ಅವಳಿಗೆ ಈಗಲೇ ಹೇಳಿಬಿಡಲೇ, ಇನ್ನೂ ಸ್ವಲ್ಪ ಉಳಿದಿದೆ ಅನ್ನಿಸಿತು. ಅಷ್ಟರಲ್ಲಿ ಅವರು ಹಿಡಿದ ಕೈಯನ್ನು ಸವರುತ್ತ, "ಅವಳ ಗುಣ ನಿಂಗೂ ಬರ್ತಾ ಇದೆ," ಅಂದರು.

ಅವಳು ಕೈ ಬಿಡಿಸಿಕೊಂಡು ತಾನೇ ಹೋಗಿ ಮುಳ್ಳನ್ನು ಮತ್ತೆ ಮೊದಲಿಗೆ ತಂದಿಟ್ಟಳು.

ದನಿ ಮಸುಕಾಗುತ್ತ ಬಂತು. ಸಿದ್ದಬಸಪ್ಪ ಮೊದಲು ಸದ್ದು ಹೆಚ್ಚಿಸಿದರು. ಆಮೇಲೆ ಕಿವಿಯನ್ನು ಪೆಟ್ಟಿಗೆಗೆ ಒತ್ತಿಟ್ಟರು.

"ನಂಗೆ ಸರಿಯಾಗಿ ಕೇಳಿಸ್ತಾನೇ ಇಲ್ವಲ್ಲೇ. ನಿಂಗೆ?"

"ನಂಗೆ ಮೊದಲಿನ ಹಾಗೇ ಕೇಳ್ತಿದೆಯಲ್ಲ," ಅಂದಳು. "ನಿಮ್ಮ ಕಿವಿ ಮಂದ ಆಗಿರ್ಬೇಕು. ತೋರಿಸ್ಕೊಳ್ಳಿ."

ನಲವತ್ತೈದು ವಯಸ್ಸಿನ ಆ ಮನುಷ್ಯ ಡಾಕ್ಟರ ಹತ್ತಿರ ಹೋಗಿ ಕಿವಿಗೆ ಬಿಸಿನೀರು ಬಿಡಿಸಿಕೊಂಡು ಬಂದರು. ಹತ್ತಿ ಇಟ್ಟುಕೊಂಡು ಪ್ಲೇಯರಿನ ಮುಂದೆ ಕೂತರು. ಅವಳು ಪಕ್ಕದಲ್ಲಿ ಕೂತು, ಕೇಳದ ಹಾಡಿಗೆ ತಲೆದೂಗಿದಳು.

ಕೊನೆಗೊಂದು ಸಂಜೆ ಬರೀ ಸುಯ್ ಎಂಬ ಸದ್ದು. ಸಿದ್ದಬಸಪ್ಪ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸವನಗುಡಿಗೆ ಓಡಿದರು. ಅವರು ತಿರುಗಿ ಬರುವವರೆಗೆ ಕಲ್ಯಾಣಮ್ಮ ಬಾಗಿಲಲ್ಲೇ ನಿಂತಿದ್ದಳು. ಶ್ರೀನಿವಾಸಯ್ಯ ಎಲ್ಲ ಹೇಳಿರುತ್ತಾರೆ ಅಂದುಕೊಂಡಿದ್ದಳು. ಅವರು ಪ್ಲೇಟು ಸವೆದದ್ದನ್ನು ಮಾತ್ರ ಹೇಳಿದ್ದರು, ಇವಳ ವಿಷಯ ಎತ್ತಿರಲಿಲ್ಲ.

"ನಾನೇ ಕಣೆ," ಅಂದರು ಗಂಡ, ಅವಳ ಮಡಿಲಿಗೆ ತಲೆ ಇಟ್ಟು. "ನನ್ನ ಕೈಯಾರೆ ಅಳಿಸಿಬಿಟ್ಟೆ."

ಅವಳು ಅವರ ತಲೆ ಸವರಿದಳು. ಆ ಮನೆಗೆ ಬಂದ ಮೇಲೆ ಅಂಥ ಸುಖ ಅವಳಿಗೆ ಸಿಕ್ಕಿರಲಿಲ್ಲ. ಅದು ಬಹಳ ಹೊತ್ತು ಉಳಿಯಲಿಲ್ಲ. ಸಿದ್ದಬಸಪ್ಪ ತಟ್ಟನೆ ಎದ್ದು ಕೂತರು.

"ನಿಂಗೆ ಬರತ್ತಲ್ಲ! ಅಷ್ಟು ಸಲ ಕೇಳಿದೀಯ. ಹಾಡು."

ಹಾಡಿದಳು. ಒಂದೂ ಬಿರುಕಿಲ್ಲದೆ, ಮಹಾನಂದ ಎಳೆದಲ್ಲಿ ಎಳೆದು, ನಿಲ್ಲಿಸಿದಲ್ಲಿ ನಿಲ್ಲಿಸಿ. ಬೇಡವೆಂದರೂ ಅದು ಹಾಗೇ ಬಂತು. ಸಿದ್ದಬಸಪ್ಪ ಕಣ್ಣು ಮುಚ್ಚಿಕೊಂಡರು.

ಮುಂದಿನ ಒಂದು ತಿಂಗಳು ದಿನಾ ಸಂಜೆ ಅವಳನ್ನು ಕೂರಿಸಿಕೊಂಡು ತಿದ್ದಿದರು. ಆಮೇಲೆ ಶ್ರೀನಿವಾಸಯ್ಯನ ಮಹಡಿಗೆ ಕರೆದುಕೊಂಡು ಹೋದರು.

"ಚೀಟಿ ಮೇಲೆ ಹಾಡಿದವರ ಹೆಸರು?" ಅಂದರು ಶ್ರೀನಿವಾಸಯ್ಯ, ಕಲ್ಯಾಣಮ್ಮನ ಕಡೆ ನೋಡದೆ.

"ಮಹಾನಂದ ಅಂತ ಬರೀರಿ."

"ಹಾಡೋರು ಇವರಲ್ವೇ…"

"ಮಹಾನಂದ." ಹೆಂಡತಿಯ ಕಡೆ ತಿರುಗಿ, "ಮಧ್ಯೆ ಕೆಮ್ಮೋದು ಮರೀಬೇಡ," ಅಂದರು.

ಕಲ್ಯಾಣಮ್ಮ ರಜಾಯಿಯ ಕೋಣೆಗೆ ಹೋಗಿ ಕೂತಳು. ಎರಡು ಕೋಣೆಗಳ ನಡುವಿನ ಗಾಜಿನಾಚೆ ತಟ್ಟೆ ತಿರುಗತೊಡಗಿತು, ಮೊನೆ ಇಳಿಯಿತು. ಅರ್ಧದವರೆಗೆ ಹಾಡಿದಳು. ಕೆಮ್ಮುವ ಜಾಗ ಬಂದಾಗ ಕೆಮ್ಮಲಿಲ್ಲ. ಮಾತಾಡುವ ದನಿಯಲ್ಲಿ ಹೇಳಿದಳು.

"ನಾನು ಕಲ್ಯಾಣಮ್ಮ. ಪ್ಲೇಟು ಸವೆಯತ್ತೆ ಅಂತ ನಂಗೆ ಗೊತ್ತಿತ್ತು. ಟೇಪು ಮಾಡಿಕೊಡ್ತೀನಿ ಅಂತಾನೂ ಶ್ರೀನಿವಾಸಯ್ಯನವರು ಹೇಳಿದ್ರು. ನಿಮಗೆ ಹೇಳಲಿಲ್ಲ. ಅಕ್ಕನ್ನ ನಿಮ್ಮ ಕೈಯಿಂದಲೇ ಅಳಿಸಬೇಕು ಅಂತ ದಿನಾ ಹಾಕಿಸ್ದೆ. ನಿಮ್ಮ ಕಿವೀಲಿ ಏನೂ ದೋಷ ಇರಲಿಲ್ಲ."

ಶ್ರೀನಿವಾಸಯ್ಯ ಮೊನೆ ಎತ್ತಲು ಕೈ ಚಾಚಿದರು. ಸಿದ್ದಬಸಪ್ಪ ಆ ಕೈಯನ್ನು ಹಿಡಿದುಕೊಂಡರು. "ಇರಲಿ. ಪೂರ್ತಿ ಆಗಲಿ."

ಸಿದ್ದಬಸಪ್ಪ ಅವಳನ್ನು ಜಟಕಾದಲ್ಲಿ ಮನೆಗೆ ಕರೆತಂದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಮಾರನೇ ದಿನ ಹೋಗಿ ಆ ಹೊಸ ಪ್ಲೇಟನ್ನು ಟೇಪಿಗೆ ಎತ್ತಿಸಿದರು. ಒಂದಲ್ಲ, ಮೂರು ಸುರುಳಿ. ಜೊತೆಗೆ ಒಂದು ಟೇಪ್ ರೆಕಾರ್ಡರನ್ನೂ ಕೊಂಡು ತಂದರು.

ದೀಪಾವಳಿಗೆ ಗುಬ್ಬಿಯಿಂದ ಮರಿಯಣ್ಣ ಬಂದ. ಎಲೆ ಹಾಕಿದ ಮೇಲೆ ಸಿದ್ದಬಸಪ್ಪ, "ನಿಮ್ಮ ತಂಗಿ ಹಾಡಿದಾಳೆ, ಕೇಳಿ," ಎಂದು ಗುಂಡಿ ಒತ್ತಿದರು. ಹಾಡಿಗೆ ಮರಿಯಣ್ಣ ಖುಷಿಯಿಂದ ತಲೆದೂಗಿದ. ಮಾತು ಶುರುವಾದಾಗ ತಲೆ ನಿಂತಿತು. ಮುಗಿಯುವ ಹೊತ್ತಿಗೆ ಅವನು ಎದ್ದು ನಿಂತಿದ್ದ.

"ಅಣ್ಣಾ, ಕೂತ್ಕೋ, ಒಂದು ತುತ್ತು…"

"ನಿನ್ನ ಕೈಯ ಅನ್ನ ಬೇಡಮ್ಮ ನಂಗೆ," ಅಂದ. ಚಪ್ಪಲಿ ಮೆಟ್ಟಿಕೊಂಡು ಹೊರಟ. ಬೀದಿಯ ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ.

ಕಲ್ಯಾಣಮ್ಮ ಒಳಗೆ ಬಂದಳು. ಸಿದ್ದಬಸಪ್ಪ ಇನ್ನೊಂದು ಎಲೆಯ ಮುಂದೆ ಕೂತು ನೀರು ಚಿಮುಕಿಸಿ ಒರೆಸಿಕೊಳ್ಳುತ್ತಿದ್ದರು.

"ನಾಡಿದ್ದು ನಿಮ್ಮ ಚಿಕ್ಕಮ್ಮನ್ನ ಬರೋಕೆ ಹೇಳಿದೀನಿ," ಅಂದರು. "ಬಡಿಸು."