ಹಳದಿ ಬಾವುಟ

"ಲೇ ಕತ್ತೆ, ತುಕ್ಕು ಕೆರೀತಿದೀಯೋ, ನಿಮ್ಮಜ್ಜನ ಬೆನ್ನು ತುರಿಸ್ತಿದೀಯೋ?"

ಮೇಲಿನ ಕಟಕಟೆಗೆ ಒರಗಿ ಕ್ಯಾಪ್ಟನ್ ಕೂಗಿದ. ನಾನು ಕೈ ಜೋರು ಮಾಡಿದೆ. ಹಡಗು ನಡೆಸುವುದನ್ನು ಕಲಿಯಲು ಬಂದ ಕೆಡೆಟ್‌ಗಳು ನಾವು ಮೂವರು. ರೋಗ ಹಬ್ಬಿ ಊರೂರೇ ಬಾಗಿಲು ಹಾಕಿಕೊಂಡ ಮೇಲೆ ಬದಲಿ ಜನ ಬರಲಿಲ್ಲ, ನಮ್ಮನ್ನು ಇಳಿಸಿಕೊಳ್ಳುವ ಬಂದರೂ ಸಿಗಲಿಲ್ಲ. ತುಕ್ಕು ಕೆರೆಯುವುದು ತರಬೇತಿ, ಕಕ್ಕಸು ತೊಳೆಯುವುದು ತರಬೇತಿ, ಕ್ಯಾಪ್ಟನ್ನನ ಒಳಚಡ್ಡಿ ಹಿಂಡುವುದು ಉನ್ನತ ತರಬೇತಿ. ಎದುರು ಮಾತಾಡಿದರೆ ಅವನು ಸರ್ಟಿಫಿಕೇಟಿಗೆ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ನಮ್ಮ ಪಾಲಿಗೆ ಹೊಳೆಯೂ ಅಲ್ಲ, ಕಡಲು.

ನಮ್ಮಲ್ಲೊಬ್ಬ, ಕಡ್ಡಿ, ಜ್ವರ ಬಂದು ಮಲಗಿದ್ದ. ಉಸಿರಿಗೆ ತೂತುಬಿದ್ದ ತಿದಿಯ ಸದ್ದು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಯಾದರೆ ನನಗೆ ತಮಾಷೆಯೇ ಬಾಯಿಗೆ ಬರುತ್ತದೆ.

"ಲೋ ಕಡ್ಡಿ, ನೀ ಸತ್ರೆ ಬೂಟು ನಂಗೆ."

"ಆನೆಕಾಲು ಕಣೋ ನಿಂದು, ಹಿಡಿಸಲ್ಲ," ಎಂದ. ನಗಲು ಹೋಗಿ ಕೆಮ್ಮಿದ, ತುಟಿ ನೀಲಿಯಾಯಿತು.

ಅಷ್ಟರಲ್ಲಿ ಬಂದರು ಕಂಡಿತು. ಓಡಿದೆ.

"ಸಾರ್, ಕಡ್ಡಿಗೆ ಡಾಕ್ಟ್ರು ಬೇಕು."

"ಕಾಯಿಲೆ ಅಂದ್ರೆ ಹಡಗನ್ನೇ ಹೊರಗೆ ನಿಲ್ಲಿಸ್ತಾರೆ. ಸರಕು ಯಾವಾಗ ಇಳಿಸ್ಲಿ, ನಿನ್ನ ಮದುವೆಗಾ? ಬಿಸಿನೀರು ಕುಡಿಸು. ಹೋಗು, ಹಳದಿ ಏರಿಸು."

ಬಂದರಿಗೆ ಬರುವ ಹಡಗು ಹಳದಿ ಬಾವುಟ ಏರಿಸಿದರೆ 'ನಾವೆಲ್ಲ ಆರೋಗ್ಯವಾಗಿದ್ದೇವೆ, ಒಳಗೆ ಬಿಡಿ' ಎಂದರ್ಥ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮ ಕ್ಯಾಪ್ಟನ್ನನ ಕಣ್ಣಿಗೆ ಸಾಯುತ್ತಿರುವವನೂ ಹಳದಿ.

ರೇಡಿಯೋ ಅವನ ಕೈಯಲ್ಲಿತ್ತು, ಬಾವುಟದ ಹಗ್ಗ ನನ್ನ ಕೈಯಲ್ಲಿತ್ತು. ಹಳದಿಯನ್ನು ಮಡಚಿ ಗೂಡಿನಲ್ಲೇ ಬಿಟ್ಟೆ. ನೀಲಿ ಅಂಚು, ಒಳಗೆ ಬಿಳಿ, ನಟ್ಟನಡುವೆ ಕೆಂಪು ಇರುವ ಇನ್ನೊಂದನ್ನು ಕಟ್ಟಿ ಎಳೆದೆ. 'ವೈದ್ಯರನ್ನು ಕಳಿಸಿ' ಎನ್ನುವ ಬಾವುಟ ಅದು. ಗಾಳಿಯೂ ಚೆನ್ನಾಗಿತ್ತು.

"ಇಳಿಸೋ ಬೋಳಿಮಗನೆ! ಸಹಿ ಹಾಕಲ್ಲ ನೋಡು!"

ಮಗ ಕ್ಯಾಪ್ಟನ್ ಆಗುತ್ತಾನೆಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಾಗಿತ್ತು.

"ಆ ಪೆನ್ನಲ್ಲಿ ಕಿವಿ ಕೆರ್ಕೊಳ್ಳಿ ಸಾರ್," ಎಂದೆ.

ಅವನು ಧಡಧಡ ಇಳಿದು ಬರುವಷ್ಟರಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿ, ಗಂಟು ಬಿಗಿದು, ಡೆಕ್ಕಿನ ಮೇಲೆ ಕೂತುಬಿಟ್ಟೆ. ಅವನು ನನ್ನ ಕಾಲರ್ ಹಿಡಿದು ಎಳೆದ. ಬಂದರಿನ ಕಡೆಯಿಂದ ಒಂದು ದೋಣಿ ಹೊರಟಿತು. ನಮ್ಮ ಮೂರನೆಯವನು ಎಲ್ಲಿದ್ದನೋ, ಬಂದು ಗಂಟು ಮುಚ್ಚುವಂತೆ ನನ್ನ ತೊಡೆಯ ಮೇಲೆಯೇ ಕೂತ. ಹಡಗು ಹತ್ತಿದಾಗಿನಿಂದ ಅವನ ಬಾಯಲ್ಲಿ ಬಂದದ್ದು ಒಂದೇ ಮಾತು; ಅದಕ್ಕೇ ಅವನ ಹೆಸರೇ 'ಹೂಂಸಾರ್' ಆಗಿಹೋಗಿತ್ತು.

"ಲೇ, ನೀನಾದ್ರೂ ಏಳೋ! ದೋಣಿ ಬರೋದ್ರೊಳಗೆ ಅದನ್ನ ಇಳಿಸೋ!"

ಅವನು ತಲೆಯೆತ್ತಿ ಕ್ಯಾಪ್ಟನ್ನನ ಮುಖ ನೋಡಿದ.

"ಊಹೂಂ ಸಾರ್."