ನೀಲಾಂಬಿಕ ತೆಗೆದಿಟ್ಟ ಮಾತ್ರೆ

ಮಳೆ ಹಿಡಿದು ಸೊಳ್ಳೆ ಹೆಚ್ಚಾದರೆ ಶಿರಾಳಕೊಪ್ಪದ ಆ ಓಣಿಯಲ್ಲಿ ಎಲ್ಲರೂ ಒಂದು ಮಾತಿಗೆ ಹೆದರುತ್ತಾರೆ. ಪ್ಲೇಟ್‌ಲೆಟ್. ಅಕ್ಷರ ಬಾರದ ಅಜ್ಜಿಯರಿಗೂ ಆ ಮಾತು ಗೊತ್ತು. ಯಾರಿಗಾದರೂ ಜ್ವರ ಬಂದರೆ "ಪ್ಲೇಟ್‌ಲೆಟ್ ಎಷ್ಟೈತಿ?" ಎಂದೇ ಮೊದಲು ಕೇಳುತ್ತಾರೆ.

ಹಿಟ್ಟಿನ ಗಿರಣಿ ನಡೆಸುವ ಆನಂದಪ್ಪನ ಹೆಂಡತಿ ನೀಲಾಂಬಿಕಳಿಗೆ ಆ ಭಯ ಉಳಿದವರಿಗಿಂತ ಹೆಚ್ಚು. ಹೋದ ವರ್ಷ ಸೊರಬದಲ್ಲಿ ಅವಳ ಅಣ್ಣನ ಮಗಳು ಚೈತ್ರಶ್ರೀ ಡೆಂಗಿಯಿಂದ ತೀರಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಮೊದಲ ದಿನ ಪ್ಲೇಟ್‌ಲೆಟ್ ತೊಂಬತ್ತು ಸಾವಿರ ಎಂದರು. ಮರುದಿನ ನಲವತ್ತು. ಅದರ ಮರುದಿನ ಹನ್ನೊಂದು. ಆಮೇಲೆ ಯಾರೂ ಸಂಖ್ಯೆ ಹೇಳಲಿಲ್ಲ. ಹುಡುಗಿಯ ತೋಳಿನ ಮೇಲೆ ಎದ್ದಿದ್ದ ನೀಲಿ ಕಲೆಗಳು ನೀಲಾಂಬಿಕಳ ಕಣ್ಣಿಂದ ಹೋಗಿಲ್ಲ.

ಈ ವರ್ಷ ಆನಂದಪ್ಪನಿಗೆ ಹೃದಯಾಘಾತವಾಯಿತು. ಶಿವಮೊಗ್ಗದಲ್ಲಿ ಎದೆಯ ರಕ್ತನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಜಾಲರಿಯ ಕೊಳವೆ ಇಟ್ಟು ಕಳಿಸಿದರು. ಊರವರ ಬಾಯಲ್ಲಿ ಅದು ಸ್ಟಂಟ್ ಆಯಿತು.

"ಸಿನಿಮಾದವ್ರಿಗೆ ಮಾತ್ರ ಸ್ಟಂಟ್ ಮಾಸ್ಟರ್ ಇರ್ತಾನ ಅಂದ್ಕೊಂಡಿದ್ದೆ. ನನ್ನ ಎದ್ಯಾಗೂ ಒಬ್ಬ ಬಂದು ಕುಂತಾನ ನೋಡ್ರಿ" ಎಂದು ಆನಂದಪ್ಪ ನೋಡಲು ಬಂದವರನ್ನೆಲ್ಲ ನಗಿಸಿದ.

ದಿನಕ್ಕೆ ಐದು ಮಾತ್ರೆ ಕೊಟ್ಟಿದ್ದರು. ಅದರಲ್ಲಿ ಎರಡನ್ನು ತೋರಿಸಿ, "ಇವನ್ನು ಒಂದು ದಿನವೂ ತಪ್ಪಿಸಬೇಡಿ" ಎಂದಿದ್ದರು. ಯಾಕೆ ಎಂದು ನೀಲಾಂಬಿಕ ಕೇಳಲಿಲ್ಲ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಮನೆಗೆ ಬಂದ ಮೇಲೆ ಮಾತ್ರೆ ಕೊಡುವ ಕೆಲಸ ಅವಳದಾಯಿತು. ಅವಳು ಅಂಗೈಗೆ ಹಾಕಿದ್ದನ್ನು ಅವನು ನೋಡದೆ ನುಂಗುತ್ತಿದ್ದ.

ಎರಡು ತಿಂಗಳು ಹಾಗೇ ಕಳೆಯಿತು. ಒಂದು ಗುರುವಾರ ಗಡ್ಡ ಕೆರೆದುಕೊಳ್ಳುವಾಗ ಅವನ ಗಲ್ಲಕ್ಕೆ ಬ್ಲೇಡು ತಾಗಿತು. ಸಾಸಿವೆಯಷ್ಟು ಗಾಯ. ರಕ್ತ ನಿಲ್ಲಲೊಲ್ಲದು. ಟವೆಲ್ಲು ಒತ್ತಿ ಹಿಡಿದಿದ್ದ ಅವನ ಕೈ ನೋಡಿದಳು. ಮೊಣಕೈ ಕೆಳಗೆ ಅಂಗೈಯಗಲದ ನೀಲಿ ಕಲೆ.

"ಇದೇನ್ರೀ ಇದು?"

"ಚೀಲ ತಾಗಿರಬೇಕು ಬಿಡು."

ಪಕ್ಕದ ಮನೆಯ ದುರುಗಮ್ಮ ಬಾಗಿಲಲ್ಲೇ ನಿಂತಿದ್ದಳು. ಆನಂದಪ್ಪ ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು.

"ನೀಲಮ್ಮ, ನಿಮ್ಮಣ್ಣನ ಮಗಳಿಗೂ ಮೊದ್ಲು ಹಿಂಗ ಅಲ್ಲೇನು ಕಲೆ ಎದ್ದಿದ್ದು?"

ಸಂಜೆ ಮಗಳು ರಕ್ಷಿತಾ ಕಾಲೇಜಿನಿಂದ ಬಂದಾಗ ನೀಲಾಂಬಿಕ ಮಾತ್ರೆಯ ಹಾಳೆಗಳನ್ನು ಅವಳ ಮುಂದೆ ಹಿಡಿದಳು.

"ಇದು ಎದಕ್ಕ ಕೊಡ್ತಾರ, ಫೋನಿನಾಗ ನೋಡೇ."

ರಕ್ಷಿತಾ ನೋಡಿದಳು. "ಆಂಟಿ-ಪ್ಲೇಟ್‌ಲೆಟ್ ಅಂತೈತಿ. ಈ ಎರಡೂ ಅದೇ. ಅಂದ್ರ ಪ್ಲೇಟ್‌ಲೆಟ್ ವಿರುದ್ಧ ಕೆಲಸ ಮಾಡೋವು."

ಅಷ್ಟು ಸಾಕಾಯಿತು. ಪ್ಲೇಟ್‌ಲೆಟ್ ವಿರುದ್ಧ. ಅಣ್ಣನ ಮಗಳನ್ನು ತಿಂದದ್ದನ್ನೇ ತಾನು ಎರಡು ತಿಂಗಳಿಂದ ಕೈಯಾರೆ ಗಂಡನಿಗೆ ಉಣಿಸುತ್ತಿದ್ದೇನೆ ಎಂದುಕೊಂಡಳು ನೀಲಾಂಬಿಕ.

ಮರುದಿನ, ಶುಕ್ರವಾರ, ಐದರಲ್ಲಿ ಎರಡು ಮಾತ್ರೆ ಅವಳ ಡಬ್ಬಿಯಲ್ಲೇ ಉಳಿದವು. ಬದಲಿಗೆ ಪಪ್ಪಾಯಿ ಎಲೆ ಜಜ್ಜಿ ರಸ ತೆಗೆದು ಲೋಟದಲ್ಲಿ ಕೊಟ್ಟಳು.

"ಥೂ! ಏನೇ ಇದು, ಬೇವಿನ ಅಪ್ಪ ಇದ್ದಂಗೈತಿ."

"ರಕ್ತಕ್ಕ ಒಳ್ಳೇದು. ಕುಡೀರಿ."

"ಮಾತ್ರೆ ಕಮ್ಮಿ ಆದಂಗೈತಲ್ಲ?"

"ಡಾಕ್ಟ್ರೇ ಕಮ್ಮಿ ಮಾಡು ಅಂದಿದ್ರು."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹೇಳಿದ ದೊಡ್ಡ ಸುಳ್ಳು ಅದು. ಅವನು ನಂಬಿದ. ಮೂರು ದಿನಕ್ಕೆ ಕಲೆ ಹಳದಿಗೆ ತಿರುಗಿತು. ಐದನೆಯ ದಿನಕ್ಕೆ ಮಾಯವಾಯಿತು. ನೀಲಾಂಬಿಕ ಪಪ್ಪಾಯಿ ಗಿಡಕ್ಕೆ ಕೈಮುಗಿದಳು.

ಗುರುವಾರ ಮಧ್ಯಾಹ್ನ ಸ್ವಸಹಾಯ ಸಂಘದ ಸಭೆಯಿತ್ತು. ಆರೋಗ್ಯ ಉಪಕೇಂದ್ರದ ಮೈತ್ರಿ ಬಿಪಿ ನೋಡಲು ಬಂದಿದ್ದಳು. ಸೊರಬದ ಕಡೆಯ ಹುಡುಗಿ. ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಾ ನೀಲಾಂಬಿಕ ಮೆಲ್ಲಗೆ ಕೇಳಿದಳು.

"ಸಿಸ್ಟರ್, ಪಪ್ಪಾಯಿ ಎಲೆ ರಸ ದಿನಕ್ಕ ಎರಡು ಲೋಟ ಕೊಟ್ರ ಹೆಚ್ಚಾಕೈತೇನು?"

"ಯಾರಿಗೆ ಜ್ವರ, ನೀಲಕ್ಕ?"

"ಜ್ವರ ಇಲ್ಲ. ನಮ್ಮನೆಯವ್ರಿಗೆ. ಆ ಪ್ಲೇಟ್‌ಲೆಟ್ ಕಮ್ಮಿ ಮಾಡೋ ಮಾತ್ರೆ ನಿಲ್ಸೀನಿ. ಈಗ ಆರಾಮದಾರ."

ಮೈತ್ರಿಯ ಕೈ ಅಲ್ಲೇ ನಿಂತಿತು.

"ಯಾವ ಮಾತ್ರೆ? ಸ್ಟೆಂಟಿಗೆ ಕೊಟ್ಟಿದ್ದಾ?"

"ಹೂಂ."

"ಯಾವತ್ತು ನಿಲ್ಸಿದ್ರಿ?"

"ಹೋದ ಶುಕ್ರವಾರ."

ಮೈತ್ರಿ ಬೈಯಲಿಲ್ಲ. ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ತೋಳಿನ ಪಟ್ಟಿ ಬಿಚ್ಚಿದಳು. ಚೀಲ ಹೆಗಲಿಗೇರಿಸಿದಳು.

"ಏಳಿ ಅಕ್ಕ. ಅಣ್ಣ ಎಲ್ಲಿದಾರೆ?"

"ಗಿರಣ್ಯಾಗ. ಯಾಕ್ರೀ ಸಿಸ್ಟರ್?"

"ಫೋನ್ ಮಾಡಿ."

ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಗಿರಣಿಯ ಸದ್ದಿಗೆ ಅವನಿಗೆ ಫೋನು ಕೇಳುವುದೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಮ್ಮೆ ಮಾಡಿದಳು. ಎತ್ತಲಿಲ್ಲ. ಇಬ್ಬರೂ ನಡೆದರು. ಬಸ್ ನಿಲ್ದಾಣ ದಾಟುವ ಹೊತ್ತಿಗೆ ನಡೆಯುತ್ತಿರಲಿಲ್ಲ, ಓಡುತ್ತಿದ್ದರು.

ಗಿರಣಿ ತಿರುಗುತ್ತಿತ್ತು. ಬೆಲ್ಟು ಪಟಪಟನೆ ಹೊಡೆಯುತ್ತಿತ್ತು. ಮೇಲೆ ಕಾಳು ಮುಗಿದು ಕಲ್ಲು ಬರಿದೇ ಅರೆಯುತ್ತಿತ್ತು. ಆನಂದಪ್ಪ ಎಂದೂ ಹಾಗೆ ಬಿಡುವವನಲ್ಲ.

"ರೀ!"

ಅವನು ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಮುಖದ ಮೇಲಿನ ಹಿಟ್ಟಿನಲ್ಲಿ ಬೆವರು ಗೆರೆ ಎಳೆದಿತ್ತು.

"ಏನಿಲ್ಲ. ಎದಿ ಒಂಚೂರು ಬಿಗೀತು. ಗ್ಯಾಸು. ಸೋಡಾ ತರ್ಸು."

"ಎಷ್ಟು ಹೊತ್ತಾಯ್ತು ಅಣ್ಣ?" ಮೈತ್ರಿ ಆಗಲೇ ಅವನ ನಾಡಿ ಹಿಡಿದಿದ್ದಳು.

"ಅರ್ಧ ಗಂಟೆ."

ಮೈತ್ರಿ ೧೦೮ಕ್ಕೆ ಫೋನ್ ಮಾಡಿದಳು. ಆಮೇಲೆ ವೈದ್ಯರಿಗೆ ಮಾಡಿ, ಅವರು ಹೇಳಿದ ಮಾತ್ರೆಯನ್ನು ಜಗಿದು ನುಂಗಲು ಕೊಟ್ಟಳು. ಅವನನ್ನು ಒಂದು ಹೆಜ್ಜೆಯೂ ನಡೆಯಗೊಡಲಿಲ್ಲ. ಗಾಡಿ ಬರುವ ತನಕ ನೀಲಾಂಬಿಕ ಗಿರಣಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದಳು.

ಶಿಕಾರಿಪುರದ ದಾರಿಯಲ್ಲಿ, ಗಾಡಿಯೊಳಗೆ, ಅವನಿಗೆ ಎಲ್ಲ ಹೇಳಿದಳು. ಡಬ್ಬಿ, ಮಾತ್ರೆ, ಸುಳ್ಳು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡಿದ್ದ ಆನಂದಪ್ಪ ಅವಳನ್ನೊಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿದ.

ಶಿಕಾರಿಪುರದಲ್ಲಿ ಇಸಿಜಿ ನೋಡಿ ತಕ್ಷಣ ಶಿವಮೊಗ್ಗಕ್ಕೆ ಕಳಿಸಿದರು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಪೂರ್ತಿ ಮುಚ್ಚಿರಲಿಲ್ಲ. ವೈದ್ಯರು ಅದನ್ನು ತೆಗೆದರು. ನಾಲ್ಕು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆ ನಾಲ್ಕು ದಿನವೂ ಆನಂದಪ್ಪ ಹೆಂಡತಿಯೊಡನೆ ನೀರು ಬೇಕು, ಬೇಡ ಎಂಬುದರ ಹೊರತು ಮಾತಾಡಲಿಲ್ಲ. ಅವನು ನಿದ್ದೆ ಮಾಡಿದಾಗೆಲ್ಲ ನೀಲಾಂಬಿಕ ಅವನ ಎದೆ ಏರುತ್ತದೋ ಇಲ್ಲವೋ ಎಂದು ನೋಡುತ್ತಾ ಕೂತಿರುತ್ತಿದ್ದಳು.

ಮನೆಗೆ ಬಂದ ಮರುದಿನ ಮೈತ್ರಿ ಬಂದಳು. ದುರುಗಮ್ಮ ಗಂಜಿ ತಂದಿದ್ದಳು. ಅದೇ ಎರಡು ಮಾತ್ರೆ ಮತ್ತೆ ಶುರುವಾದದ್ದು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ನಾವು ಓದಿದವ್ರಲ್ಲ ತಾಯಿ. ಆದ್ರ ಕಣ್ಣದಾವು. ಡೆಂಗಿ ಬಂದ್ರ ಪ್ಲೇಟ್‌ಲೆಟ್ ಏರಸ್ರಿ ಅಂತೀರಿ. ಎದಿನೋವು ಬಂದ್ರ ಪ್ಲೇಟ್‌ಲೆಟ್ ಇಳಸ್ರಿ ಅಂತೀರಿ. ಯಾವುದು ಖರೆ?"

"ಒಳ್ಳೇ ಪ್ರಶ್ನೆ ದುರುಗಜ್ಜಿ. ಗದ್ದೆ ಬದು ಒಡೆದ್ರೆ ಏನ್ ಮಾಡ್ತೀರಿ?"

"ಅದನ್ನೂ ನನಗ ಕಲಿಸ್ತೀಯೇನು? ಆಳು ಓಡಿಹೋಗಿ ಹುಲ್ಲು, ಮಣ್ಣು ತುಂಬಿ ಮುಚ್ತಾರ."

"ರಕ್ತದಲ್ಲಿ ಆ ಕೆಲಸದ ಆಳುಗಳೇ ಪ್ಲೇಟ್‌ಲೆಟ್. ಗಾಯ ಆದ್ಕೂಡ್ಲೇ ಓಡಿಬಂದು, ಒಂದಕ್ಕೊಂದು ಅಂಟ್ಕೊಂಡು ತೂತು ಮುಚ್ತವೆ. ಡೆಂಗಿಲಿ ಆಳುಗಳೇ ಕಮ್ಮಿಯಾಗ್ತವೆ. ಅದು ಅಪಾಯ."

"ಅದನ್ನೇ ನಾನು ಹೇಳಿದ್ದು!"

"ಸ್ವಲ್ಪ ತಡೀರಿ. ಆ ಆಳುಗಳಿಗೆ ಕಣ್ಣಿಲ್ಲ. ಎದೆಯ ರಕ್ತನಾಳದೊಳಗೆ ಕೊಬ್ಬು ಕಟ್ಟಿರುತ್ತೆ. ಅದು ಬಿರುಕು ಬಿಟ್ರೆ, ಬದು ಒಡೀತು ಅಂತ ಅಲ್ಲೂ ಮುತ್ಕೊಳ್ತವೆ. ಅದು ಬದು ಅಲ್ಲ, ನೀರು ಹೋಗೋ ಕಾಲುವೆ. ಕಾಲುವೆನೇ ಮುಚ್ಚಿದ್ರೆ ಕೆಳಗಿನ ಗದ್ದೆ ಒಣಗುತ್ತೆ. ಎದೇಲಿ ಹಂಗಾದ್ರೆ ಹಾರ್ಟ್ ಅಟ್ಯಾಕು. ಮೆದುಳಲ್ಲಾದ್ರೆ ಲಕ್ವ. ಅಣ್ಣಂಗೆ ಮೊದಲ ಸಲ ಆಗಿದ್ದು ಹಿಂಗೇ. ಹೊಸ ಸ್ಟೆಂಟ್ ಕಂಡ್ರೂ ಅವು ಹಿಂಗೇ ಮುತ್ತೋದು."

"ಹಂಗಾರ ಮಾತ್ರೆ ಅವನ್ನ ಕೊಲ್ತೈತೇನು?" ಕೇಳಿದ್ದು ನೀಲಾಂಬಿಕ.

"ಇಲ್ಲ ಅಕ್ಕ. ಎಣಿಕೆ ಅಷ್ಟೇ ಇರುತ್ತೆ. ಅಂಟೋ ಗುಣ ಮಾತ್ರ ತಗ್ಗುತ್ತೆ. ಅದಕ್ಕೇ ಗಾಯದ ರಕ್ತ ನಿಲ್ಲೋದು ತಡ, ತಾಗಿದಲ್ಲಿ ನೀಲಿ ಕಲೆ. ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ನೀವು ನಿಲ್ಸಿದ್ಮೇಲೆ ಕಲೆ ಹೋಯ್ತಲ್ಲ, ಆಗ್ಲೇ ಅಪಾಯ ಶುರುವಾಗಿದ್ದು. ಪ್ಲೇಟ್‌ಲೆಟ್ ಬದುಕೋದು ಎಂಟು-ಹತ್ತು ದಿನ. ದಿನಾ ಹಳೇವು ಸಾಯ್ತವೆ, ಹೊಸವು ಹುಟ್ತವೆ. ಮಾತ್ರೆ ತಪ್ಪಿಸಿದ ದಿನ ಹುಟ್ಟಿದವನ್ನ ಹಿಡಿಯೋರೇ ಇರಲ್ಲ."

ನೀಲಾಂಬಿಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಶುಕ್ರವಾರದವು. ಶನಿವಾರದವು. ಭಾನುವಾರದವು. ಕಲೆ ಮಾಯವಾಯಿತೆಂದು ಕೈಮುಗಿದ ಮಂಗಳವಾರದವು.

"ರಕ್ತ ಹರಿದ್ರೂ ಸುಮ್ನಿರ್ಬೇಕೇನು ಮತ್ತ?" ದುರುಗಮ್ಮ ಬಿಡಲಿಲ್ಲ.

"ಇಲ್ಲ ಅಜ್ಜಿ. ಮಲ ಕಪ್ಪಗಾದ್ರೆ, ವಾಂತಿಲಿ ರಕ್ತ ಬಂದ್ರೆ, ತಲೆಗೆ ಪೆಟ್ಟು ಬಿದ್ರೆ, ಒತ್ತಿ ಹಿಡಿದ್ರೂ ರಕ್ತ ನಿಲ್ದಿದ್ರೆ ಆಸ್ಪತ್ರೆಗೆ ಓಡ್ಬೇಕು. ಹಲ್ಲು ಕೀಳಿಸೋ ಮೊದ್ಲು, ಜ್ವರ ಬಂದಾಗ, ಈ ಮಾತ್ರೆ ತಗೊಳ್ತಿದೀನಿ ಅಂತ ಹೇಳ್ಬೇಕು. ನೋವಿನ ಮಾತ್ರೆ ಕೇಳ್ದೆ ತಗೋಬಾರ್ದು. ಯಾವ್ದನ್ನ ನಿಲ್ಸೋದು, ಎಷ್ಟು ದಿನ ಅಂತ ಡಾಕ್ಟ್ರೇ ಹೇಳ್ಬೇಕು. ನಾನೂ ಅಲ್ಲ, ನೀವೂ ಅಲ್ಲ."

ದುರುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ನಾಲಿಗೆಗೆ ಬೆಂಕಿ ಬೀಳ್ಲಿ. ನಾನೇ ಅಲ್ಲೇನು ಅವತ್ತು ಕಲೆ ತೋರ್ಸಿದ್ದು?"

ಆನಂದಪ್ಪ ಅಲ್ಲಿಯವರೆಗೆ ಸೂರು ನೋಡುತ್ತಾ ಮಲಗಿದ್ದ. ಈಗ ಎದ್ದು ಕೂತ.

"ಆ ಎರಡು ಮಾತ್ರೆ ಹೆಸರು ಓದಿ ಹೇಳೇ. ನನಗೂ ಗೊತ್ತಿರ್ಬೇಕು."

ನೀಲಾಂಬಿಕ ಓದಿದಳು. ಅವನು ಎರಡನ್ನೂ ತಾನೇ ಒಂದೊಂದು ಸಲ ಹೇಳಿ ನೋಡಿದ. ಆಮೇಲೆ ಐದು ದಿನದ ನಂತರ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ಹೆದರಿಕಿ ಆಗಿತ್ತಂದ್ರ ನನಗ ಹೇಳಬೇಕಿತ್ತು, ನೀಲಾ. ಇಬ್ರೂ ಕೂಡೇ ಹೆದರ್ತಿದ್ವಿ. ಕೂಡೇ ಹೋಗಿ ಡಾಕ್ಟ್ರನ್ನ ಕೇಳ್ತಿದ್ವಿ."

ಅವಳಿಗೆ ಅಳು ಬಂತು. ಆಗಲೂ ಅವಳ ಕಣ್ಣು ಅವನ ಎದೆಯ ಮೇಲೇ ಇತ್ತು.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಲಕ್ವ ಹೊಡೆದವರು ಇರಬಹುದು. ಇಂದೇ ಅವರ ಮಾತ್ರೆಯ ಹಾಳೆ ತೆಗೆದು ನೋಡಿ. ಯಾವುದು ಯಾಕೆ ಎಂದು ಗೊತ್ತಿಲ್ಲದಿದ್ದರೆ ನಿಮ್ಮೂರಿನ ಆರೋಗ್ಯ ಕಾರ್ಯಕರ್ತೆಯನ್ನು, ವೈದ್ಯರನ್ನು ಕೇಳಿ. ಹಿಂದೆ ಎಷ್ಟು ಜನ ಸಾಲಿನಲ್ಲಿ ನಿಂತಿದ್ದರೂ ಕೇಳಿ. ಕಲೆ ಕಂಡು ಭಯವಾದರೆ ಆ ಭಯವನ್ನೇ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎದೆ ಬಿಗಿದರೆ ಗ್ಯಾಸು ಎಂದು ಕೂರಬೇಡಿ, ೧೦೮ಕ್ಕೆ ಕರೆ ಮಾಡಿ.

ಆನಂದಪ್ಪನಿಗೆ ಆರು ದಿನದ ಮಾತ್ರೆ ತಪ್ಪಿತ್ತು. ಆದರೂ ಉಳಿದ. ಎಲ್ಲರಿಗೂ ಆರು ದಿನ ಸಿಗುವುದಿಲ್ಲ.