ಐತ ಬಂದ ವರ್ಷದ ಊಟ

ಬಂಗುಡೆ ಮೀನಿನ ಸಣ್ಣ ಮುಳ್ಳೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿದೆ, ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಪಕ್ಕದಲ್ಲಿ ಕುಸುಮ ತನ್ನ ಮೊಣಕಾಲಿನ ಕತೆ ಹೇಳುತ್ತಿದ್ದಾಳೆ, ಹೋದ ವರ್ಷ ಎಡಗಾಲು, ಈ ವರ್ಷ ಬಲಗಾಲು — ಡಿಸೆಂಬರ್ ಇಪ್ಪತ್ತೈದಕ್ಕೆ ಎಲ್ಲರಿಗೂ ರಜೆ ಎಂದು ಒಂದೇ ಶಾಲೆಯಲ್ಲಿ ಓದಿದ ನಾವು ಕೋಟೇಶ್ವರದ ಈ ಹೋಟೆಲಿನಲ್ಲಿ ಸೇರುತ್ತೇವೆ, ಹನ್ನೊಂದು ವರ್ಷದಿಂದ ಅದೇ ಉದ್ದದ ಮೇಜು, ಅದೇ ಶುಗರ್, ಅದೇ ಸೊಸೆಯಂದಿರು, ವಿನಯಾ ಟೀಚರ್ ಎಂತ ಇನ್ನೂ ರಿಟೈರ್ ಆಯ್ಲಿಲ್ಯಾ, ಇಲ್ಲ, ಇನ್ನೂ ಆರು ವರ್ಷ, ನಗಬೇಕು, ನಗುತ್ತೇನೆ, ದವಡೆ ನೋಯುತ್ತದೆ. ಈ ಸಲ ಬರಲೇಬಾರದು ಎಂದುಕೊಂಡಿದ್ದೆ. ಗ್ರೂಪಿನಲ್ಲಿ ಜಿತೇಂದ್ರ ಹಾಕಿದ್ದ, ಹ್ವಾಯ್, ಈ ಸಲ ಐತ ಬತ್ತ ಅಂಬ್ರ್, ಬೊಂಬಾಯಿ ಬಿಟ್ಟ್ ಬಂದ್ ಹೆಮ್ಮಾಡ್ಯಂಗೆ ಮನಿ ಮಾಡಿದ — ಓದಿದ ಮೇಲೆ ಎರಡು ದಿನ ಮೈಯೆಲ್ಲ ಭಾರ, ಆದರೂ ಸೀರೆ ಉಟ್ಟೆ, ಉಪ್ಪುಂದದಲ್ಲಿ ಬಸ್ಸು ಹತ್ತಿದೆ, ಯಾಕೆ ಹತ್ತಿದೆನೋ.

ಐತ ನನ್ನ ಎದುರಿಗೇ ಕೂತಿದ್ದಾನೆ. ತಲೆ ಪೂರ್ತಿ ಬೋಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಲವತ್ತು ವರ್ಷ ಕ್ಯಾಂಟೀನಿನಲ್ಲಿ ಬಡಿಸಿದವನಿಗೆ ಬೇರೆಯವರು ಬಡಿಸಿದರೆ ಸಂಕೋಚ, ಸಾಕ್ ಸಾಕ್ ಎನ್ನುತ್ತಾನೆ, ಟೀಚರೇ ನಿಮ್ಗೆ ಸಾರ್ ಬಂತಾ — ಎಂಟನೆಯಲ್ಲಿ ನನ್ನ ಹಿಂದಿನ ಬೆಂಚಿನವನು, ಏ ವಿನಯಾ ರಬ್ಬರ್ ಕೊಡೇ ಎನ್ನುತ್ತಿದ್ದವನು, ಈಗ ಟೀಚರೇ. ಆ ವರ್ಷ ಒಂದು ದಿನ, ಮೇಷ್ಟ್ರ ಕೋಣೆ, ಊಟದ ಬಿಡುವು, ಒಳಗೆ ನಾನೊಬ್ಬಳೇ, ನೀಲಿ ಗ್ಲೋಬನ್ನು ತಿರುಗಿಸುತ್ತೇನೆ, ಇನ್ನೂ ಜೋರಾಗಿ, ಬೀಳುತ್ತದೆ, ಎರಡು ಹೋಳು, ಒತ್ತಿ ಕೂಡಿಸಿ ಸ್ಟ್ಯಾಂಡಿಗೆ ಸಿಕ್ಕಿಸಿ ಹೊರಗೆ ಬರುತ್ತೇನೆ. ಮಧ್ಯಾಹ್ನದ ಪಾಠಕ್ಕೆ ಅದನ್ನು ತರಲು ಹೋದವನು ಐತ, ಕ್ಲಾಸಿನ ಬಾಗಿಲಲ್ಲೇ ಅದು ಅವನ ಕೈಯಲ್ಲಿ ಎರಡಾಯಿತು. ಬೆತ್ತ. ಹೊಸ ಗ್ಲೋಬು ತಂದರೆ ಮಾತ್ರ ಒಳಗೆ ಬಾ, ಎಂದರು ಮೇಷ್ಟ್ರು. ಅವನ ಅಪ್ಪ ಕಂಡವರ ದೋಣಿಯಲ್ಲಿ ಬಲೆ ಎಳೆಯುವವನು, ಎಲ್ಲಿಂದ ತಂದಾನು, ನಾನು ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಚೂಪು ಮಾಡುತ್ತಲೇ ಇದ್ದೆ, ಮುಂದಿನ ವಾರ ಅವನು ಮಾವನ ಜೊತೆ ಬೊಂಬಾಯಿ ಬಸ್ಸು ಹತ್ತಿದ. ನಾನು ಟೀಚರಾದೆ.

ಜಿತೇಂದ್ರ ಎದ್ದು ನಿಂತ, ಬಂತು, ವರ್ಷವೂ ಬರುವ ಜೋಕು, ಪ್ರಪಂಚ ಒಡ್ದ್ ಹಾಕಿ ಬೊಂಬಾಯಿಗೆ ಓಡಿ ಹೋದವ ಇವ್ನೇ ಕಾಣಿ — ಮೇಜು ಬಡಿದು ನಗುತ್ತಾರೆ, ಹನ್ನೊಂದು ವರ್ಷ ನಾನೂ ನಕ್ಕಿದ್ದೇನೆ, ಐತನೂ ನಗುತ್ತಿದ್ದಾನೆ, ಹೌದ್ ಮಾರಾಯಾ, ನನ್ ಕೈಯೇ ಹಾಂಗೆ ಎನ್ನುತ್ತಾನೆ, ಸುಸ್ತು, ಎಂಥ ಸುಸ್ತು, ಇನ್ನೊಂದು ಸಲ ನಗಲಾರೆ. ಐತಾ, ಅದ್ ಒಡ್ದದ್ ನಾನ್. ಯಾರಿಗೂ ಕೇಳಿಸಲಿಲ್ಲ. ನಾನ್ ಮೊದ್ಲೇ ಬೀಳ್ಸಿ ಒಡ್ದಿದ್ದೆ, ನೀ ಮುಟ್ಟೂಕ್ ಮುಂಚೆ. ಈ ಸಲ ಎಲ್ಲರಿಗೂ ಕೇಳಿಸಿತು, ಕುಸುಮ ನನ್ನ ಭುಜಕ್ಕೆ ಹೊಡೆದಳು, ಟೀಚರಿಗೂ ಜೋಕ್ ಮಾಡುಕೆ ಬತ್ತ್ ಕಾಣಿ, ನಗು ಇನ್ನೂ ಜೋರಾಯಿತು, ಪಾಯಸ ಬಂತು, ಜಿತೇಂದ್ರ ಕೂತ.

ಐತ ಮಾತ್ರ ನಗಲಿಲ್ಲ. ನಂಗೆ ಗೊತ್ತಿತ್ತ್ ಎನ್ನಬಹುದು, ಇಲ್ಲವೇ ಬೈಯಬಹುದು, ಎರಡಕ್ಕೂ ತಯಾರಾಗಿದ್ದೆ. ಮೊದ್ಲೇ ಒಡ್ದಿತ್ತಾ, ಎಂದ, ಬಹಳ ಮೆಲ್ಲಗೆ. ಹೌದ್, ಎಂದೆ. ನಾನ್ ಸಮಾ ಹಿಡ್ಕಂಡಿರ್ಲಿಲ್ಲ ಅಂದ್ಕಂಡಿದ್ದೆ, ಇಷ್ಟ್ ವರ್ಷ, ಮಗಳ್ ಹುಟ್ದಾಗ ಎತ್ತುಕೆ ಹೆದ್ರಿಕಿ ಆತಿತ್ತ್ ಮಾರಾಯ್ತಿ, ನನ್ ಕೈಯಂಗೆ ಎಂತದೂ ನಿಲ್ಲುದಿಲ್ಲ ಅಂದ್ — ಟೀಚರೇ ಎನ್ನಲಿಲ್ಲ, ಮಾರಾಯ್ತಿ ಎಂದ, ಏನಾದರೂ ಹೇಳಬೇಕು, ತಪ್ಪಾಯ್ತು ಎಂಬ ಮಾತು ಇದೆ, ನಾಲಗೆ ಮತ್ತೆ ಆ ಮುಳ್ಳಿಗೇ ಹೋಗುತ್ತದೆ, ಯಾರೋ ಫೋಟೋ ಎನ್ನುತ್ತಾರೆ, ಎಲ್ಲರೂ ಕುರ್ಚಿ ಎಳೆದು ಏಳುತ್ತಿದ್ದಾರೆ, ಅವನು ಏಳಲಿಲ್ಲ, ತುತ್ತು ಹಿಡಿದ ಕೈ ಎಲೆಗೂ ಬಾಯಿಗೂ ನಡುವೆ ನಿಂತಿದೆ, ಅದನ್ನೇ ನೋಡುತ್ತಿದ್ದಾನೆ, ಬೇರೆ ಯಾರದೋ ಕೈಯೆಂಬಂತೆ, ಬೆರಳ ಸಂದಿಯಿಂದ ಒಂದು ಅಗುಳು ಎಲೆಗೆ ಬಿತ್ತು, ಇನ್ನೊಂದು ಬಿತ್ತು, ಕೈ ಕೆಳಗಿಳಿಯಲಿಲ್ಲ, ಮೇಲೇರಲಿಲ್ಲ, ಬಾ ಟೀಚರೇ ಎಂದು ಕುಸುಮ ಕರೆಯುತ್ತಿದ್ದಾಳೆ, ಆ ಕೈ, ಅಲ್ಲೇ, ನಿಂತ ಕೈ —